ಹೊಗೆ ಕಾಣದ ಅಡುಗೆಮನೆ

ಭೋಗಿಯ ದಿನ ಮುಂಜಾನೆ ಹತ್ತರ ಸುಮಾರಿಗೆ ಆಮ್ರಪಾಲಿ ತಿಕೋಟಾದ ಒಂದು ಮನೆಯಲ್ಲಿ ಏಣಿ ಹತ್ತಿ ಫ್ಯಾನ್ ಬಿಗಿಯುತ್ತಿದ್ದಳು. ಕಿಸೆಯಲ್ಲಿ ಮೊಬೈಲ್ ಅದುರಿತು. ಮೊದಲ ಸಲ ಬಿಟ್ಟಳು. ಎರಡನೇ ಸಲ ಒಂದು ಕೈಯಲ್ಲಿ ಸ್ಕ್ರೂ ಹಿಡಿದುಕೊಂಡೇ ಎತ್ತಿದಳು.

"ಆಮ್ರಪಾಲಿ ಅವ್ರ, ನಾ ಪೂರ್ವಾ ಮಾತಾಡ್ಲಿಕತ್ತೀನಿ, ಜೋರಾಪುರ ಪೇಟಿಯಿಂದ. ಶನಿವಾರ ಬಂದು ಚಿಮ್ನಿ ಕೂಡ್ಸಿ ಹೋದ್ರಲ್ಲ?"

"ಹೇಳ್ರಿ ಮೇಡಂ. ಸಪ್ಪಳ ಬರಾಕತ್ತೈತೇನ್ರಿ?"

"ಸಪ್ಪಳ ಇಲ್ಲ, ಛಲೋ ಎಳೀತದ. ಆದ್ರ ನಿನ್ನಿಯಿಂದ ನಮ್ಮತ್ತಿಯವರಿಗೆ ಒಂದಸಮ ತಲಿನೋವು. ಇವತ್ತು ನನಗೂ ತಲಿ ಭಾರ ಆಗ್ಯದ, ವಾಂತಿ ಬಂದಂಗ ಆಗ್ತದ. ಹೊಸಾ ಮಷೀನಿನ ಬಣ್ಣದ ವಾಸನಿಗೆ ಹಿಂಗ ಆಗ್ತದೇನು ಅಂತ ಕೇಳೋಣಂತ ಫೋನ್ ಮಾಡಿದೆ."

ಆಮ್ರಪಾಲಿ ಇಂಥ ಫೋನು ದಿನಕ್ಕೆ ಹತ್ತು ನೋಡಿದವಳು. ಸಾರವಾಡದ ಹುಡುಗಿ. ವಿಜಯಪುರದ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುವಾಗ ಇಡೀ ತರಗತಿಗೆ ಹೆಣ್ಣುಮಗಳೆಂದರೆ ಆಕೆಯೊಬ್ಬಳೇ. ಆಮೇಲೆ ಏಳು ವರ್ಷದಿಂದ ಅದೇ ನಗರದ ಸಿದ್ದಲಿಂಗೇಶನ ಅಡುಗೆಮನೆ ಸಾಮಾನಿನ ಅಂಗಡಿಯಲ್ಲಿ ಕೆಲಸ. ಗ್ಯಾಸ್ ಒಲೆಯ ಮೇಲೆ ಗೋಡೆಗೆ ಹಾಕಿ, ಒಗ್ಗರಣೆಯ ಘಾಟನ್ನೂ ಎಣ್ಣೆಯ ಹೊಗೆಯನ್ನೂ ಎಳೆದು ಹೊರಗೆ ದಬ್ಬುವ ಕರೆಂಟಿನ ಚಿಮ್ನಿ ಕೂಡಿಸುವುದರಲ್ಲಿ ಆಕೆಯ ಕೈ ಪಳಗಿತ್ತು. ಹೆಣ್ಣುಮಗಳು ಬರುತ್ತಾಳೆಂದರೆ ಮನೆಯವರಿಗೂ ನಿಶ್ಚಿಂತೆ. ಸ್ಕೂಟಿಯ ಹಿಂದೆ ಡ್ರಿಲ್ ಕಟ್ಟಿಕೊಂಡು ನಗರವೆಲ್ಲ ಓಡಾಡುತ್ತಿದ್ದಳು.

"ಗ್ಯಾಸಿನ ವಾಸನಿ ಏನಾರ ಬರಾಕತ್ತೈತೇನ್ರಿ?" ಎಂದು ಕೇಳಿದಳು.

"ಇಲ್ಲ. ಗ್ಯಾಸ್ ಒಲಿ ಮ್ಯಾಲ ಪಲ್ಯ ಕುದೀಲಿಕತ್ತದ, ಅಷ್ಟ."

"ಕಟಿಗಿ ಒಲಿ ಹಚ್ಚೀರೇನ್ರಿ?"

"ಹಚ್ಚದ ಇರ್ತಾರೇನ್ರಿ, ಭೋಗಿ ಇವತ್ತು! ನಮ್ಮತ್ತಿಯವರು ಆರಕ್ಕ ಎದ್ದು ಸಜ್ಜಿ ರೊಟ್ಟಿಗೆ ಕೂತಾರ. ಆ ಒಲಿ ಬಿಟ್ರ ಅವರಿಗೆ ರೊಟ್ಟಿನ ಆಗೂದಿಲ್ಲ."

"ಹೊಗಿ ಐತೇನ್ರಿ ಒಳಗ?"

"ಒಂದ ಎಳಿ ಹೊಗಿ ಇಲ್ಲ. ರೊಟ್ಟಿ ಮುಗದು ಉರಿ ಆರ್‍ಯದ, ಬರೇ ಕೆಂಡ. ಅದರಾಗ ಬದನಿಕಾಯಿ ಸುಡ್ಲಿಕ್ಕೆ ಇಟ್ಟಾರ."

ಆಮ್ರಪಾಲಿ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಿದಳು. ಶನಿವಾರದ ಒಂದು ಗಳಿಗೆ ಕಣ್ಣೆದುರು ಬಂತು. ಚಿಮ್ನಿ ಕೂಡಿಸಿ, ಬಾಗಿಲು ಎಳೆದುಕೊಂಡು, ಮೂರನೇ ನಂಬರಿನ ವೇಗದಲ್ಲಿ ಓಡಿಸಿ ನೋಡಿದ್ದಳು. ಆಗ ಮೂಲೆಯಲ್ಲಿ ತಣ್ಣಗಿದ್ದ ಕಟ್ಟಿಗೆ ಒಲೆಯ ಬಾಯಿಂದ ಬೂದಿ ಹಾರಿ ಒರೆಸಿದ ಫರಸಿಯ ಮೇಲೆ ಬಿದ್ದಿತ್ತು. "ಈಗ ಒರಸಿದ್ದೆ ನೋಡವ್ವಾ" ಎಂದು ಪೂರ್ವಾಳ ಅತ್ತೆ ಕಾಶೀಬಾಯಿ ಗೊಣಗಿದ್ದಳು. ಮಾಳಿಗೆಯ ಮೇಲೆ ಗಾಳಿ ಜೋರಿರಬೇಕು ಅಂದುಕೊಂಡು ಆಮ್ರಪಾಲಿಯೇ ಅರಿವೆ ತಗೊಂಡು ಆ ಬೂದಿ ಒರೆಸಿ ಬಂದಿದ್ದಳು.

"ಮೇಡಂ, ಕಿಟಕಿ ತಗದೈತೇನ್ರಿ?"

"ಇಲ್ರಿ, ಧೂಳ ಬರ್ತದ. ಹೊಸಾ ಕಿಟಕಿ, ಗಟ್ಟ್ಯಾಗಿ ಕೂಡ್ತದ. ಬಾಗಲಾನೂ ಹಾಕೀವಿ, ಘಾಟು ಪಡಸಾಲಿಗೆ ಬರಬಾರದಂತ."

"ನೀವೆಲ್ಲಿ ಅದೀರಿ? ಅಮ್ಮಾರು ಎಲ್ಲಿ ಅದಾರ?"

"ನಾ ಪಡಸಾಲ್ಯಾಗ ಇದ್ದೀನಿ. ಅತ್ತಿ ಒಳಗ, ಒಲಿ ಮುಂದ. ಗ್ವಾಡಿಗೆ ಆತು ಕೂತಾರ, ಹಂಗ ನಿದ್ದಿ ಹತ್ತೇದ. ದಣದಾರ ಪಾಪ, ಎಬ್ಬಸಬಾರದಂತ..."

"ಎಬ್ಬಸ್ರಿ!" ಆಮ್ರಪಾಲಿ ಕೂಗಿದ ಕೂಗಿಗೆ ಕೆಳಗೆ ನಿಂತಿದ್ದ ಮನೆಯವರು ಬೆಚ್ಚಿದರು. "ಮೇಡಂ, ಏನೂ ಕೇಳಬ್ಯಾಡ್ರಿ. ಮದಲ ಬಾಗಲಾ ತಗೀರಿ, ಕಿಟಕಿ ತಗೀರಿ, ಚಿಮ್ನಿ ಬಂದ್ ಮಾಡ್ರಿ. ಅಮ್ಮಾರನ್ನ ಅಂಗಳಕ್ಕ ಎಳಕೊಂಡ ಹೋಗ್ರಿ. ಉಸರು ಬಿಗಿಹಿಡದು ಒಳಗ ಹೋಗ್ರಿ. ಯಾರನ್ನರ ಕರೀರಿ!"

ಮೊಬೈಲ್ ಎಲ್ಲೋ ಬಿದ್ದ ಸಪ್ಪಳ. ಬಾಗಿಲು ಬಡಿದದ್ದು ಕೇಳಿತು. ಆಮೇಲೆ "ಅತ್ತಿ! ಅತ್ತೀ!" ಎಂಬ ಪೂರ್ವಾಳ ದನಿ, ಪಾತ್ರೆಯೊಂದು ಉರುಳಿದ್ದು, ಬಾಗಿಲಲ್ಲಿ ನಿಂತು "ಜುಬೇರಣ್ಣಾ, ಬರ್ರಿ ಲಗೂ!" ಎಂದು ಓಣಿಗೆ ಕೂಗಿದ್ದು. ಅಷ್ಟಕ್ಕೆ ಫೋನು ಕಟ್ಟಾಯಿತು. ಆಮ್ರಪಾಲಿ ಮತ್ತೆ ಮತ್ತೆ ಮಾಡಿದಳು, ಯಾರೂ ಎತ್ತಲಿಲ್ಲ.

ಫ್ಯಾನನ್ನು ಅರ್ಧಕ್ಕೇ ಬಿಟ್ಟು ಸ್ಕೂಟಿ ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಕೆಂಡ ಏನು ಮಾಡುತ್ತದೆಂದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಕೆ ಹತ್ತು ವರ್ಷದವಳಿದ್ದಾಗ ಸಾರವಾಡದಲ್ಲಿ ಒಂದು ಚಳಿಗಾಲ, ಬಾಣಂತಿಯ ಮಂಚದ ಕೆಳಗೆ ಕೆಂಡ ತುಂಬಿದ ಶೆಗಡಿಯಿಟ್ಟು ಬಾಗಿಲು ಹಾಕಿಕೊಂಡ ಮನೆಯೊಂದರ ಬಾಗಿಲನ್ನು ಊರವರು ಮುರಿದು ತೆಗೆಯಬೇಕಾಯಿತು. ಮುರಿದವರಲ್ಲಿ ಆಕೆಯ ಅಪ್ಪನೂ ಒಬ್ಬ. ಬಾಣಂತಿ ಉಳಿದಳು, ಕೂಸು ಉಳಿಯಲಿಲ್ಲ. "ಹೊಗಿ ಇದ್ರ ಮನಶ್ಯಾ ಕೆಮ್ಮಿ ಎದ್ದು ಹೊರಗ ಬರ್ತಾನ. ಕೆಂಡದ ವಿಷಕ್ಕ ವಾಸನಿನೂ ಇಲ್ಲ, ಬಣ್ಣಾನೂ ಇಲ್ಲ" ಎಂದು ಅಪ್ಪ ಅವತ್ತು ಹೇಳಿದ್ದ.

ಆ ಅಪ್ಪ, ಧೂಳಪ್ಪ, ಒಲೆ ಹಾಕುವ ಗೌಂಡಿ. ಹೆಂಡತಿ ಚಂದ್ರಾಬಾಯಿಗೆ ಒಲೆಯ ಹೊಗೆ ಕುಡಿದು ಕುಡಿದು ದಮ್ಮು ಹತ್ತಿದ ಮೇಲೆ, ಹೊಗೆಯನ್ನು ಪೈಪಿನಲ್ಲಿ ಮಾಳಿಗೆಯ ಮೇಲೆ ಕಳಿಸುವ ಒಲೆ ಕಟ್ಟುವುದನ್ನು ಹಟ ಹಿಡಿದು ಕಲಿತವನು. ಬಬಲೇಶ್ವರ, ಕಾಖಂಡಕಿಯಿಂದ ಹಿಡಿದು ನಗರದ ತನಕ ಅವನ ಒಲೆಗಳಿದ್ದವು. ಜೋರಾಪುರ ಪೇಟೆಯ ಕಾಶೀಬಾಯಿಯ ಒಲೆಯೂ ಅವನದೇ, ಹನ್ನೊಂದು ವರ್ಷದ ಹಿಂದಿನದು. ಆಗ ಅವನಿಗೆ ಅಂಗಳದಲ್ಲಿ ಕೂಡಿಸಿ ಬೇರೆ ಕಪ್ಪಿನಲ್ಲಿ ಚಹಾ ಕೊಟ್ಟಿದ್ದರು. ಶನಿವಾರ ಅದೇ ಮನೆಯ ಅಡುಗೆಮನೆಯಲ್ಲಿ ಮಗಳಿಗೆ ಕಾಶೀಬಾಯಿಯೇ ತಾಟಿನಲ್ಲಿ ಅವಲಕ್ಕಿ ಹಾಕಿ ಕೊಟ್ಟಿದ್ದಳು. ಒಲೆ ಹಾಕಿದವನು ತನ್ನ ಅಪ್ಪನೆಂದು ಆಮ್ರಪಾಲಿ ಬಾಯಿಬಿಟ್ಟಿರಲಿಲ್ಲ.

ವಿಜಯಪುರ ಮುಟ್ಟುವ ಮೊದಲು ಪೂರ್ವಾಳ ಮೊಬೈಲಿನಿಂದ ಫೋನು ಬಂತು. ಎದುರುಮನೆಯ ಜುಬೇರ. ಅವನ ಆಟೋದಲ್ಲೇ ದವಾಖಾನೆಗೆ ಒಯ್ದಿದ್ದರು. "ಅಮ್ಮಾಗ ಎಚ್ಚರ ಇಲ್ರಿ. ಉಸರು ನಡದೈತಿ" ಎಂದ.

ದವಾಖಾನೆಯಲ್ಲಿ ಕಾಶೀಬಾಯಿಯ ಮಗ ಸುಧೀರ ಬಾಗಿಲ ಹೊರಗೆ ನಿಂತಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವನು, ಹಬ್ಬಕ್ಕೆ ಕಬ್ಬು ಬಾರೆಹಣ್ಣು ತರಲು ಮಾರ್ಕೆಟ್ಟಿಗೆ ಹೋದವನು ಹಾಗೇ ಓಡಿ ಬಂದಿದ್ದ. ಪೂರ್ವಾಳಿಗೂ ಮೂಗಿಗೆ ಆಕ್ಸಿಜನ್ ಹಚ್ಚಿ ಮಲಗಿಸಿದ್ದರು. ಡಾಕ್ಟರು ಹೊರಗೆ ಬಂದು ಕೇಳಿದರು: "ಮನ್ಯಾಗ ಏನು ಉರೀತಿತ್ತು? ಇದು ಕಾರ್ಬನ್ ಮೊನಾಕ್ಸೈಡ್. ಇನ್ನ ಹತ್ತು ಮಿನೀಟು ಕೂತಿದ್ರ ನನ್ನ ಕಡೆ ಏನೂ ಉಳೀತಿರಲಿಲ್ಲ."

ಸುಧೀರ ಆಮ್ರಪಾಲಿಯ ಕಡೆ ತಿರುಗಿದ. "ಹನ್ನೊಂದು ವರ್ಷ ಏನೂ ಆಗಿರಲಿಲ್ಲ. ನೀವು ಬಂದು ಹೋಗಿ ಮೂರು ದಿನ ಆಗಿಲ್ಲ."

ಆಮ್ರಪಾಲಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಸಂಜೆಯ ತನಕ ಕೂತಳು. ಯಾರೂ ಆಕೆಗೆ ಕೂಡು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾಲ್ಕು ದಾಟಿದ ಮೇಲೆ ಕಾಶೀಬಾಯಿ ಕಣ್ಣು ತೆರೆದಳು. ಮಗನನ್ನು ನೋಡಿ "ಬದನಿಕಾಯಿ ಹೊತ್ತಿರಬೇಕು ನೋಡಪಾ" ಎಂದಳಂತೆ. ಅದನ್ನು ಕೇಳಿ ಹೊರಗೆ ಬಂದ ಸುಧೀರ ಗೋಡೆಗೆ ಹಣೆ ಹಚ್ಚಿ ಅತ್ತ.

ಮರುದಿನ ಸಂಕ್ರಮಣ. ಸಿದ್ದಲಿಂಗೇಶ ಅಂಗಡಿ ಅರ್ಧ ಬಾಗಿಲು ತೆಗೆದು ಆಕೆಯನ್ನು ಕರೆಸಿದ. ಮೇಜಿನ ಮೇಲೆ ಒಂದು ಹಾಳೆ ಬರೆದಿಟ್ಟಿದ್ದ. 'ಕಟ್ಟಿಗೆ ಒಲೆಯ ಹೊಗೆ ಪೈಪು ಕಟ್ಟಿಕೊಂಡಿದ್ದರಿಂದ ಘಟನೆ ನಡೆದಿದೆ, ಚಿಮ್ನಿಯಲ್ಲಿ ದೋಷವಿಲ್ಲ.' ಕೆಳಗೆ ಆಕೆಯ ಸಹಿಗೆ ಜಾಗ.

"ಪೈಪ ಕಟ್ಟಿತ್ತಂತ ಯಾರು ನೋಡ್ಯಾರ್ರಿ ಅಣ್ಣಾರ?"

"ಯಾರಾಕ ನೋಡಬೇಕು? ಕಟಿಗಿ ಒಲಿ ಅಂದಮ್ಯಾಲ ಕರಿ ಇರೂದ. ಆ ಒಲಿ ಹಾಕಿದಾಂವ ಯಾವನೋ ಹಳ್ಳಿ ಗೌಂಡಿ, ಅವನಿಗ್ಯಾರು ಏನು ಮಾಡ್ತಾರ. ನಮ್ಮದು ಅಂಗಡಿ, ಹೆಸರು ಹ್ವಾದ್ರ ಹೋತು. ಸಹಿ ಮಾಡು ತಂಗಿ."

"ನೋಡದ ಮಾಡೂದಿಲ್ರಿ" ಎಂದಳು. ಆ ಹಳ್ಳಿ ಗೌಂಡಿ ಯಾರೆಂದು ಆಗಲೂ ಹೇಳಲಿಲ್ಲ. ಹೇಳಿದರೆ ಅಪ್ಪನನ್ನು ಉಳಿಸಲು ಮಾತಾಡುತ್ತಾಳೆ ಅನ್ನುತ್ತಿದ್ದರು. ನಿಜವೂ ಇರಬಹುದಲ್ಲ? ಪೈಪು ಕಟ್ಟಿದ್ದೇ ಖರೆ ಆಗಿದ್ದರೆ?

ಸಾರವಾಡಕ್ಕೆ ಬಂದಾಗ ಧೂಳಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹಾರೆ. ಸುದ್ದಿ ಅವನಿಗೂ ಮುಟ್ಟಿತ್ತು.

"ನಾಳಿ ಮುಂಜಾನೆ ಹೋಗಿ ಆ ಒಲಿ ಒಡದ ಬರ್ತೇನಿ. ನಾ ಕಟ್ಟಿದ ಒಲಿ ಒಂದ ಮನಿ ದೀಪಾ ಆರಸ್ತಿತ್ತು."

"ಯಪ್ಪಾ, ಒಲಿದ ತಪ್ಪು ಅಂತ ನಿನಗ್ಯಾರು ಹೇಳಿದ್ರು?"

"ಮತ್ತ ಯಾರ್ದು? ಕೆಂಡ ಇದ್ದದ್ದು ಒಲ್ಯಾಗ."

"ನಾ ಚಿಮ್ನಿ ಹಚ್ಚಿದಾಗ ಒಲಿ ಬಾಯಾಗಿಂದ ಬೂದಿ ಹೊರಗ ಹಾರಿತು. ನಾ ಕಣ್ಣಾರೆ ನೋಡೀನಿ. ನೋಡಿ ಒರಸಿ ಬಂದೀನಿ."

ಧೂಳಪ್ಪ ಹಾರೆಯನ್ನು ಎತ್ತಿ ಗೋಡೆಗೆ ಒರಗಿಸಿದ. ಒಳಗಿಂದ ಚಂದ್ರಾಬಾಯಿಯ ಕೆಮ್ಮು ಕೇಳುತ್ತಿತ್ತು. ಕೊನೆಗೆ, "ಬೂದಿ ಹೊರಗ ಬಂತಂದ್ರ ಪೈಪಿನ್ಯಾಗ ಗಾಳಿ ಮ್ಯಾಲಿಂದ ಕೆಳಗ ಬಂದೈತಿ" ಎಂದ. "ಯಾಕ ಬರ್ತೈತಿ ಅದು?"

ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ತನಕ ಒಡೆಯುವುದೂ ಬೇಡ, ಸಹಿಯೂ ಬೇಡ ಎಂದಾಯಿತು.

ಒಲೆ ಚಿಮ್ನಿ ಎರಡನ್ನೂ ಬಂದು ನೋಡುತ್ತೇವೆಂದರೆ ಸುಧೀರ ಒಪ್ಪಲು ಎರಡು ದಿನ ಹಿಡಿಯಿತು. ಒಪ್ಪಿದ್ದು ಪೂರ್ವಾಳ ಮಾತಿಗೆ. "ಫೋನಿನ್ಯಾಗ ಆಕಿ ಚೀರಲಿಲ್ಲ ಅಂದ್ರ ನಾ ಅತ್ತಿಯವರನ್ನ ಎಬ್ಬಸ್ತಿರಲಿಲ್ಲ" ಎಂದು ಗಂಡನಿಗೆ ಹೇಳಿದ್ದಳು. ಶುಕ್ರವಾರ ಮಧ್ಯಾಹ್ನ ಅಪ್ಪ ಮಗಳು ಜೋರಾಪುರ ಪೇಟೆಗೆ ಹೋದರು. ಕಾಶೀಬಾಯಿ ಮನೆಗೆ ಬಂದಿದ್ದಳು, ಪಡಸಾಲೆಯಲ್ಲಿ ಮಲಗಿದ್ದಳು. ಧೂಳಪ್ಪನನ್ನು ನೋಡಿ ಸುಧೀರ ಗುರುತು ಹಿಡಿದ. ಆಮ್ರಪಾಲಿ ಹೊಸ್ತಿಲಲ್ಲೇ ನಿಂತು, "ಇವರು ನಮ್ಮಪ್ಪಾರು" ಎಂದಳು. ಸುಧೀರನ ಮುಖ ಬಿಗಿಯಿತು. ಒಳಗೆ ಬಿಟ್ಟ, ಆದರೆ ಬರ್ರಿ ಅನ್ನಲಿಲ್ಲ.

ಮೊದಲು ಧೂಳಪ್ಪ ಮಾಳಿಗೆ ಹತ್ತಿದ. ಹಗ್ಗಕ್ಕೆ ಅರಿವೆಯ ಗಂಟು ಕಟ್ಟಿ ಪೈಪಿನೊಳಗೆ ಬಿಟ್ಟ. ಅಡುಗೆಮನೆಯಲ್ಲಿ ಎಲ್ಲರೂ ಒಲೆಯ ಬಾಯಿಯನ್ನೇ ನೋಡುತ್ತ ನಿಂತರು. ಹಗ್ಗ ಜಾರುವ ಸಪ್ಪಳ. ನಡುವೆ ಒಮ್ಮೆ ನಿಂತಿತು. ಮೇಲಿಂದ ಧೂಳಪ್ಪ ಹಗ್ಗ ಅಲ್ಲಾಡಿಸಿದ. ಅದು ಪೈಪಿನ ತಿರುವು ಅಷ್ಟೇ. ಗಂಟು ಕರಿಯಾಗಿ ಕೆಳಗೆ ಬಂದು ಬಿತ್ತು. ಪೈಪು ಎಲ್ಲೂ ಕಟ್ಟಿರಲಿಲ್ಲ. ಆಮ್ರಪಾಲಿಯ ಕಣ್ಣು ಹೊಸ ಕಿಟಕಿಯ ಅಂಚಿಗೆ ಹಚ್ಚಿದ ರಬ್ಬರಿನ ಮೇಲೆ ಬಿತ್ತು.

"ಅಂದ್ರ ಮಷೀನಿಂದ ದೋಷ" ಎಂದ ಸುಧೀರ.

"ಮಷೀನಿಗೂ ದೋಷ ಇಲ್ರಿ ಸರ. ಎರಡು ಮಿನೀಟು ತೋರಸ್ತೇನಿ. ಮೇಡಂ, ನೀವು ಕಿಟಕಿ ಕಡೆ ನಿಂದರ್ರಿ. ನಾ ಕೈ ಎತ್ತಿದ ಕೂಡಲೆ ಪೂರ್ತಿ ತಗೀರಿ."

ಒಲೆಯಲ್ಲಿ ನಾಲ್ಕು ತೊಗರಿ ಕಟ್ಟಿಗೆ ಹಚ್ಚಿದಳು. ಅಪ್ಪ ಮಾಳಿಗೆ ಇಳಿದು ಒಳಗೆ ಬಂದ ಮೇಲೆ ಬಾಗಿಲು ಹಾಕಿಸಿದಳು, ಕಿಟಕಿ ಮುಚ್ಚಿಸಿದಳು. ಚಿಮ್ನಿ ಬಂದಾಗಿತ್ತು. ಒಂದು ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿದಳು. ಹೊಗೆಯ ಎಳೆ ನೆಟ್ಟಗೆ ಒಲೆಯೊಳಗೆ ಹೋಯಿತು. ಆಮೇಲೆ ಚಿಮ್ನಿಯ ಗುಂಡಿ ಒತ್ತಿದಳು. ಒಂದು, ಎರಡು, ಮೂರು. ಯಂತ್ರ ಭರ್ರೆಂದಿತು. ಊದಿನಕಡ್ಡಿಯ ಹೊಗೆ ಒಲೆಯ ಬಾಯಲ್ಲಿ ನಡುಗಿತು, ನಿಂತಿತು. ನಿಧಾನಕ್ಕೆ ತಿರುಗಿ ಕೋಣೆಯೊಳಗೆ ಬಂತು. ಅದರ ಹಿಂದೆಯೇ ಒಲೆಯ ಉರಿ ನಾಲಿಗೆ ಚಾಚಿ ಹೊರಗೆ ಬಾಗಿತು. ಕಾಶೀಬಾಯಿ ಕೂಡುವ ಮಣೆಯ ಮೇಲೆ ಹಾದು ಹೊಗೆ ಚಿಮ್ನಿಯ ಕಡೆ ಹರಿಯಿತು. ಪೂರ್ವಾ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮ್ರಪಾಲಿ ಕೈ ಎತ್ತಿದಳು. ಗಾಬರಿಯಲ್ಲಿ ಪೂರ್ವಾಳ ಬೆರಳು ಜಾರಿತು. ಚಿಲಕ ಬರಲಿಲ್ಲ. ಧೂಳಪ್ಪ ಎರಡು ಹೆಜ್ಜೆಯಲ್ಲಿ ದಾಟಿ ಕಿಟಕಿಯನ್ನು ಸೆಳೆದ. ಹೊರಗಿನ ತಣ್ಣನೆ ಗಾಳಿ ನುಗ್ಗಿತು. ಮೂರು ಉಸಿರಿನಷ್ಟು ಹೊತ್ತಿಗೆ ಹೊಗೆಯ ಎಳೆ ಮತ್ತೆ ಒಲೆಯೊಳಗೆ ಬಾಗಿತು.

"ಈ ಚಿಮ್ನಿ ಒಂದ ತಾಸಿನ್ಯಾಗ ಈ ಕೋಣಿ ಗಾಳಿನ ಮೂವತ್ತು ಸಲಕ್ಕಿಂತ ಹೆಚ್ಚು ಹೊರಗ ಹಾಕ್ತೈತ್ರಿ" ಎಂದಳು ಆಮ್ರಪಾಲಿ. "ಹ್ವಾದಷ್ಟು ಗಾಳಿ ಎಲ್ಲಿಂದರ ಒಳಗ ಬರಾಕ ಬೇಕು. ಮದಲಿನ ಕಟಿಗಿ ಕಿಟಕಿಗೆ ಸಂದಿ ಇದ್ವು. ಹೊಸಾ ಕಿಟಕಿಗೆ ರಬ್ಬರ ಐತಿ, ಬಾಗಲಕ್ಕೂ ರಬ್ಬರ ಹಚ್ಚೀರಿ. ಉಳದಿದ್ದು ಒಂದ ದಾರಿ, ಒಲಿ ಪೈಪ. ಮ್ಯಾಲ ಹೋಗೂ ಹೊಗಿನ ಚಿಮ್ನಿ ಕೆಳಗ ಜಗ್ಗಿತು. ಉರಿ ಜೋರಿದ್ದಾಗ ಪೈಪ ಕಾದಿರತೈತಿ, ಒಂದಿಷ್ಟು ತಡಕೊಂತೈತಿ. ಉರಿ ಆರಿ ಕೆಂಡ ಆದಾಗ ಪೈಪಿನ ಶಕ್ತಿ ಹೋತು, ಹೊಗಿನೂ ಕಾಣಲಿಲ್ಲ, ವಿಷ ಅಷ್ಟ ಬಂತು."

ಸುಧೀರ ಕಿಟಕಿಯ ಅಂಚಿನ ರಬ್ಬರನ್ನು ಬೆರಳಿಂದ ಒತ್ತಿ ನೋಡಿದ. ಆ ಕಿಟಕಿ ಹಾಕಿಸಿದವನು ಅವನೇ.

"ಇದರಾಗ ನಂದೂ ತಪ್ಪೈತ್ರಿ" ಎಂದು ಆಮ್ರಪಾಲಿ ಮುಂದುವರಿಸಿದಳು. "ಶನಿವಾರ ಬೂದಿ ಹಾರಿದ್ದು ನೋಡಿದ್ನಿ. ಯಾಕಂತ ನಿಂತು ಕೇಳಲಿಲ್ಲ."

"ಮತ್ತ ಈಗ ಏನು, ಒಲಿ ತಗೀಬೇಕೋ ಚಿಮ್ನಿ ತಗೀಬೇಕೋ?" ಪೂರ್ವಾ ಕೇಳಿದಳು.

ಪಡಸಾಲೆಯಿಂದ ಕಾಶೀಬಾಯಿಯ ಕ್ಷೀಣ ದನಿ ಬಂತು: "ಒಲಿ ತಗದ್ರ ನಾ ರೊಟ್ಟಿ ಎಲ್ಲಿ ಸುಡ್ಲಿ?"

ಅವತ್ತು ಯಾವುದನ್ನೂ ತೆಗೆಯಲಿಲ್ಲ. ಎರಡನ್ನೂ ಹಚ್ಚಲೂ ಇಲ್ಲ. ಸೋಮವಾರ ಅಪ್ಪ ಮಗಳು ಮತ್ತೆ ಬಂದರು. ಧೂಳಪ್ಪ ಒಲೆಯ ಪಕ್ಕದ ಗೋಡೆಯಲ್ಲಿ ನೆಲಮಟ್ಟದಲ್ಲಿ ತೂತು ಕೊರೆದು, ಹಿತ್ತಲಿನ ಗಾಳಿ ಪೈಪಿನಲ್ಲಿ ನೇರ ಒಲೆಯ ಬುಡಕ್ಕೆ ಬರುವಂತೆ ಮಾಡಿದ, ಇಲಿ ಬಾರದಂತೆ ಜಾಳಿಗೆ ಹಾಕಿದ. ಅದೊಂದೇ ಸಾಲದೆಂದು ಆಮ್ರಪಾಲಿ ಕಿಟಕಿಯ ಚೌಕಟ್ಟಿಗೆ ಚಿಕ್ಕ ಸ್ವಿಚ್ಚು ಕೂಡಿಸಿ ಚಿಮ್ನಿಯ ವೈರನ್ನು ಅದರ ಮೂಲಕ ಎಳೆದಳು. ಕಿಟಕಿ ಒಂದು ಗೇಣು ತೆರೆಯದೆ ಚಿಮ್ನಿಗೆ ಕರೆಂಟೇ ಹೋಗದು. ಸೊಳ್ಳೆ ಧೂಳಿಗೆ ಹೊರಗಿಂದ ಜಾಳಿಗೆ ಬಂತು. ಕೆಂಡದ ವಿಷ ಬಂದರೆ ಕೂಗುವ ಅಲಾರಂ ಒಂದನ್ನು ಸುಧೀರ ತರಿಸಿ ಗೋಡೆಗೆ ಹಾಕಿಸಿದ. ಇಷ್ಟು ಮಾಡಿಯೂ ಆಮ್ರಪಾಲಿ ಪೂರ್ವಾಳ ಕೈ ಹಿಡಿದು ಹೇಳಿದಳು: "ಒಲ್ಯಾಗ ಕೆಂಡ ಇರೂತನಾ ಚಿಮ್ನಿ ಮುಟ್ಟಬ್ಯಾಡ್ರಿ. ಬೂದಿ ತಣ್ಣಗಾದ ಮ್ಯಾಲನ."

ಕೆಲಸ ಮುಗಿದ ಮೇಲೆ ಅಪ್ಪನಿಗೂ ಮಗಳಿಗೂ ಪಡಸಾಲೆಯಲ್ಲಿ ಊಟಕ್ಕೆ ಹಾಕಿದರು. ಧೂಳಪ್ಪ ಮೊದಲು ಗೋಡೆಗೆ ಆತು ನಿಂತೇ ಇದ್ದ. "ಕೂಡ್ರಿ ಧೂಳಪ್ಪ" ಎಂದು ಸುಧೀರ ಎರಡು ಸಲ ಅನ್ನಬೇಕಾಯಿತು.

ಸಿದ್ದಲಿಂಗೇಶನಿಗೆ ಆಮ್ರಪಾಲಿ ತಾನೇ ಒಂದು ಹಾಳೆ ಬರೆದು ಕೊಟ್ಟಳು. ಒಲೆ ಚೆನ್ನಾಗಿತ್ತು, ಚಿಮ್ನಿ ಚೆನ್ನಾಗಿತ್ತು, ಗಾಳಿ ಒಳಗೆ ಬರುವ ದಾರಿ ಇದೆಯೇ ಎಂದು ಕೂಡಿಸಿದ ತಾನು ನೋಡಲಿಲ್ಲ ಎಂದು ಬರೆದು ಸಹಿ ಹಾಕಿದ್ದಳು. ಒಲೆ ಹಾಕಿದ ಗೌಂಡಿ ತನ್ನ ಅಪ್ಪ ಎಂಬುದನ್ನೂ ಬರೆದಿದ್ದಳು. ಅವನು ಓದಿ ಹಾಳೆ ಮಡಚಿಟ್ಟ. ಬೈಯಲಿಲ್ಲ. ಆದರೆ ಒಂದೂವರೆ ತಿಂಗಳು ಒಂದು ಕೆಲಸಕ್ಕೂ ಕರೆಯಲಿಲ್ಲ.

ಆ ಒಂದೂವರೆ ತಿಂಗಳು ಆಕೆ ಸುಮ್ಮನೆ ಕೂಡಲಿಲ್ಲ. ಏಳು ವರ್ಷದಲ್ಲಿ ತಾನು ಚಿಮ್ನಿ ಕೂಡಿಸಿದ ಮನೆಗಳನ್ನು ನೆನಪಿಸಿಕೊಂಡು ಒಂದೊಂದಕ್ಕೇ ಹೋದಳು. ಹಲವರು ಬಾಗಿಲಲ್ಲೇ ನಕ್ಕರು, ಕೆಲವರು ಏನೋ ಮಾರಲು ಬಂದಿದ್ದಾಳೆಂದು ಒಳಗೆ ಬಿಡಲಿಲ್ಲ. ಎಲ್ಲ ಮನೆಯಲ್ಲೂ ಕಟ್ಟಿಗೆ ಒಲೆ ಇರಲಿಲ್ಲ. ಎರಡು ಮನೆಯಲ್ಲಿತ್ತು, ಆದರೆ ಹಳೆ ಕಿಟಕಿಗಳು ಗಾಳಿಗೆ ದಾರಿ ಬಿಟ್ಟಿದ್ದವು.

ಬಬಲೇಶ್ವರದಲ್ಲಿ ಗುಡುಸಾಬ ಎಂಬವರ ಮನೆ. ಅಲ್ಲಿ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಇರಲಿಲ್ಲ. ಪಕ್ಕದ ಬಚ್ಚಲಿನಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಯಿತ್ತು. ನಡುವೆ ಒಂದೇ ಬಾಗಿಲು, ಅದೂ ಸದಾ ತೆರೆದಿರುತ್ತಿತ್ತು. ಇಲ್ಲಿಯೂ ರಬ್ಬರು ಹಚ್ಚಿದ ಹೊಸ ಕಿಟಕಿಗಳು. ಗುಡುಸಾಬ ನಕ್ಕು, "ಅದು ಬಚ್ಚಲಾ, ಇದು ಅಡಗಿ ಮನಿ, ಎತ್ತಣಿಂದೆತ್ತ ಸಂಬಂಧ ಬೇ?" ಎಂದರು. ಅವರ ಸೊಸೆ ಕೈನಾತ ನಗಲಿಲ್ಲ. ಮಾವನ ಹಿಂದೆ ನಿಂತಿದ್ದವಳು ಮೆಲ್ಲಗೆ ಕೇಳಿದಳು: "ಅಕ್ಕಾ, ಮುಂಜಾನೆ ನಾ ಚಿಮ್ನಿ ಹಚ್ಚಿ ಅಡಗಿ ಮಾಡುವಾಗ ಜಳಕಾ ಮಾಡಿ ಬರೂ ನನ್ನ ಮಗಳು ದಿನಾ ತಲಿನೋವು ಅಂತಾಳ. ಸಾಲಿ ತಪ್ಪಸಾಕ ಸುಳ್ಳ ಹೇಳ್ತಾಳಂತ ಬಡದೀನಿ ಆಕಿನ. ಅದಕ್ಕೂ ಇದಕ್ಕೂ ಏನರ ಸಂಬಂಧ ಐತೇನು?"

ಆಮ್ರಪಾಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. "ಬಾಗಲಾ ಕಿಟಕಿ ಎಲ್ಲಾ ದಿನಾ ಹೆಂಗಿರತಾವೋ ಹಂಗ ಹಾಕು" ಎಂದು ಕೈನಾತಳಿಗೆ ಹೇಳಿ, ಹುಡುಗಿಯನ್ನು ಅಂಗಳಕ್ಕೆ ಕಳಿಸಿ, ಸಾರವಾಡಕ್ಕೆ ಫೋನು ಹಚ್ಚಿದಳು. "ಯಪ್ಪಾ, ಹಾರಿ ತಗೊಂಡು ಬಬಲೇಶ್ವರಕ್ಕ ಬಾ. ಗ್ವಾಡಿ ಕೊರಿಯೂದೈತಿ."